ತೊವ್ವೆಯ ಹಿಂದೆ ತುಪ್ಪ

ಮಾಸ್ತರ ವೈಕುಂಠ ಸಮಾರಾಧನೆಯ ದಿನ ಬಡಿಸುವ ಕೆಲಸ ಪೂರಾ ಹದಗೆಟ್ಟಿತು. ನನ್ನ ಎಲೆಗೆ ಮೊದಲು ತುಪ್ಪ ಬಂತು, ಆಮೇಲೆ ಅನ್ನ. ಎದುರು ಸಾಲಿನ ಹಿರಿಯರೊಬ್ಬರಿಗೆ ಎರಡೆರಡು ಸಲ ತೊವ್ವೆ ಬಿತ್ತು, ಅವರ ಪಕ್ಕದವರಿಗೆ ಒಂದು ಸಲವೂ ಇಲ್ಲ. ಚುರುಕಿನ ಹುಡುಗರಿಬ್ಬರು ಎರಡು ತುದಿಯಿಂದ ಒಂದೇ ಸಾಲಿಗೆ ನುಗ್ಗಿ, ನಟ್ಟನಡುವೆ ಡಿಕ್ಕಿ ಹೊಡೆದುಕೊಂಡು, ಸಾರಿನ ಬಕೆಟ್ಟು ನೆಲಕ್ಕೆ. ಯಾರೋ ಒಬ್ಬರು, "ಅಯ್ಯೋ, ಅವ್ರು ಇರಕಾಗಿತ್ತು ಮಾರಾಯ್ರೇ" ಅಂದುಬಿಟ್ಟರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಯಾರ ಊಟಕ್ಕೆ ಬಂದಿದ್ದೇವೆ ಅಂತ ನೆನಪಾದ ಮೇಲೆ ಎಲ್ಲರೂ ಎಲೆಯ ಕಡೆ ತಲೆ ತಗ್ಗಿಸಿದರು.

ಅವರು ಸಿದ್ದಾಪುರದ ನಮ್ಮ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಾಗಿದ್ದರು. ಊರಿಗೆಲ್ಲ ಬರೀ 'ಮಾಸ್ತರು'. ನಾನು ಅಲ್ಲಿ ವಿಜ್ಞಾನ ಕಲಿಸುವವಳು. ಶಾಲೆ ಬಿಟ್ಟ ಮೇಲೆ ಅವರಿಗೆ ಇನ್ನೊಂದು ಉದ್ಯೋಗವಿತ್ತು, ಸಂಬಳವಿಲ್ಲದ್ದು. ಸಿದ್ದಾಪುರದಿಂದ ಹೆಗಡೆಕಟ್ಟಾದವರೆಗೆ ಯಾರ ಮನೆಯಲ್ಲಿ ಮದುವೆ, ಉಪನಯನ, ಏನೇ ಇರಲಿ, ಬಡಿಸುವವರ ಉಸ್ತುವಾರಿ ಇವರದ್ದು. ಅಡುಗೆಯವರನ್ನು ಗೊತ್ತುಮಾಡುವ ಮೊದಲು ಇವರಿಗೆ ಫೋನ್ ಹೋಗುತ್ತಿತ್ತು. ಯಾವ ಸಾಲಿಗೆ ಯಾರು, ಅನ್ನದ ಹಿಂದೆ ತೊವ್ವೆ ಎಷ್ಟು ಎಲೆ ಬಿಟ್ಟು ಹೊರಡಬೇಕು, ತಂಬಳಿ ಯಾವಾಗ ಒಳಗಿಂದ ಬರಬೇಕು, ಎಲ್ಲ ಅವರ ತಲೆಯಲ್ಲಿ. ಎರಡೂ ಕೈಯಲ್ಲಿ ಪಾತ್ರೆ ಇರುತ್ತಿತ್ತಲ್ಲ, ಹಾಗಾಗಿ ಏನು ಹೇಳುವುದಿದ್ದರೂ ಗದ್ದದಿಂದ ಹೇಳುತ್ತಿದ್ದರು. ಗದ್ದ ಎಡಕ್ಕೆ ಎತ್ತಿದರೆ 'ಆ ಎಲೆ ಖಾಲಿ ಇದೆ', ಕೆಳಗೆ ಇಳಿಸಿದರೆ 'ನಿಧಾನ'. ಅದೇ ಚಟ ಮೈದಾನಕ್ಕೂ ಬಂದಿತ್ತು. ಕೊರಳಲ್ಲಿ ಸೀಟಿ ನೇತಾಡುತ್ತಿತ್ತು, ಊದಿದ್ದು ನಾನು ಕೇಳಿಲ್ಲ. ಮಕ್ಕಳೆಲ್ಲ ಅವರ ಗದ್ದ ನೋಡಿಕೊಂಡೇ ಓಡುತ್ತಿದ್ದರು.

ಬಡಿಸುವ ಹುಡುಗರಿಗೆ ಅವರು ಹೇಳುತ್ತಿದ್ದುದು ಒಂದೇ ಮಾತು: "ಎಲೆ ನೋಡು, ಮುಖ ನೋಡಡ." ಮುಖ ನೋಡಿದರೆ ಬೇಕಾದವರಿಗೆ ಎರಡು ಸೌಟು ಬೀಳುತ್ತದೆ, ಬೇಡದವರಿಗೆ ಅರ್ಧ. ಅವರು ಮಾತ್ರ ಯಾವತ್ತೂ ಮೊದಲ ಪಂಕ್ತಿಯಲ್ಲಿ ಕೂತವರಲ್ಲ. ಕಡೆಗೆ, ಅಡುಗೆಯವರ ಜೊತೆ ಕೊಟ್ಟಿಗೆ ಪಕ್ಕದ ಚಪ್ಪರದಲ್ಲಿ, ತಣ್ಣಗಾದ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಉಣ್ಣುತ್ತಿದ್ದರು. "ಊಟ ಚೊಲೋ ಆತು ಅಂದ್ರೆ ಸಾಕು ತಂಗೀ. ಬಡಿಸಿದ್ದು ಯಾರು ಅಂತ ಯಾರೂ ಕೇಳಲಾಗ. ಕೇಳಿದ್ರೆ ಎಲ್ಲೋ ಎಂತದೋ ತಪ್ಪಿದ್ದು ಅಂತ ಲೆಕ್ಕ." ಇದನ್ನು ಅವರು ಬಹಳ ಹೆಮ್ಮೆಯಿಂದ ಹೇಳುತ್ತಿದ್ದರು. ಈ ಹೆಮ್ಮೆಗೆ ಒಂದು ದಿನ ಪೆಟ್ಟು ಬಿತ್ತು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಕಡೆ ಆಟ ಅಂದರೆ ವಾಲಿಬಾಲು, ಕಬಡ್ಡಿ. ಫುಟ್ಬಾಲ್ ಅಂದರೆ ಟಿವಿಯಲ್ಲಿ ನೋಡುವುದು. ಇವರಿಗೆ ಅದೆಲ್ಲಿಂದ ಹುಚ್ಚು ಹತ್ತಿತೋ! ಶಾಲೆ ಹಿಂದಿನ ಇಳಿಜಾರು ಮೈದಾನದಲ್ಲಿ, ಒಂದು ಮೂಲೆಗೆ ಚೆಂಡು ಹೋದರೆ ಗಟಾರದಿಂದ ಎತ್ತಿ ತರಬೇಕಾದ ಜಾಗದಲ್ಲಿ, ಹೆಣ್ಣುಮಕ್ಕಳ ಫುಟ್ಬಾಲ್ ತಂಡ ಕಟ್ಟಿದರು. ಹುಡುಗಿಯರ ತಂಡ ಹೊರಗೆ ಹೋಗುವಾಗ ಜೊತೆಗೆ ಒಬ್ಬ ಶಿಕ್ಷಕಿ ಇರಲೇಬೇಕು. ಬೇರೆಯವರೆಲ್ಲ ಏನೇನೋ ನೆವ ಹೇಳಿ ಜಾರಿಕೊಂಡರು. ನನಗೆ ನೆವ ಹೊಳೆಯಲಿಲ್ಲ. ಆಟದ ಗಂಧಗಾಳಿಯಿಲ್ಲದ ನಾನು ಹೀಗೆ ಮ್ಯಾನೇಜರಾದೆ. ಆದರೆ ಯಾರಾದರೂ ಒಂದು ಪ್ರಶ್ನೆ ಎತ್ತಿದರೆ ಅದು ನನ್ನ ತಲೆಯೊಳಗೂ ಹೊಕ್ಕು ಕೂರುತ್ತದೆ, ಅದು ನನ್ನ ಹಣೆಬರಹ.

ಆ ವರ್ಷ ಅವರು ಎತ್ತಿದ ಪ್ರಶ್ನೆ ಇಷ್ಟೇ: ಗೋಲು ಹೊಡೆಯುವ ಇಬ್ಬರು ಒಳ್ಳೆಯ ಫಾರ್ವರ್ಡ್‌ಗಳು ಇದ್ದರೆ ಅವರನ್ನು ಒಟ್ಟಿಗೆ ಎಲ್ಲಿ ನಿಲ್ಲಿಸುವುದು?

ಮೊದಲು ನಮ್ಮಲ್ಲಿ ಇದ್ದವಳು ಒಬ್ಬಳೇ, ಕೋಲಸಿರ್ಸಿಯ ನಾಗವೇಣಿ. ಎಡಗಡೆಯಿಂದ ಚೆಂಡು ತಗೊಂಡು ಒಳಕ್ಕೆ ತಿರುಗಿ ಬಲಗಾಲಲ್ಲಿ ಹೊಡೆದಳು ಅಂದರೆ ಗೋಲು. ಮಾತು ಕಮ್ಮಿ, ಸಿಟ್ಟು ಜಾಸ್ತಿ. ಅವಳು ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಯಲ್ಲಾಪುರದಿಂದ ಲವಿನಾ ಬಂದು ಸೇರಿದಳು. ಅವಳಪ್ಪ ಅಲ್ಲಿಯ ಗ್ಯಾರೇಜು ಮುಚ್ಚಿ ನಮ್ಮೂರಲ್ಲಿ ತೆಗೆದಿದ್ದರು. ಇವಳೂ ಫಾರ್ವರ್ಡ್. ಇವಳಿಗೂ ಎಡಗಡೆಯೇ ಬೇಕು, ಇವಳದ್ದೂ ಬಲಗಾಲು. ಸದಾ ನಗು, ಸದಾ ಮಾತು, ಗಾಳಿ ಹಾಗೆ ಓಟ. ನಮ್ಮ ಹೆಡ್‌ಮಾಸ್ತರರಿಗೆ ಖುಷಿಯೋ ಖುಷಿ. "ಇಬ್ಬರಿದ್ದಾರೆ, ಇನ್ನೇನು ಬೇಕ್ರಿ? ಎರಡು ಪಟ್ಟು ಗೋಲು!" ಅಂದರು.

ಎರಡು ಪಟ್ಟು ಎಲ್ಲಿಂದ ಬರಬೇಕು, ಇದ್ದದ್ದೂ ಹೋಯಿತು. ಮೊದಲ ಮ್ಯಾಚಿನಲ್ಲಿ ಇಬ್ಬರೂ ಪಕ್ಕಪಕ್ಕ ನಿಂತರು. ಒಂದೇ ಚೆಂಡಿಗೆ ಇಬ್ಬರೂ "ನಂಗೆ, ನಂಗೆ" ಅಂದರು. ಒಬ್ಬಳ ದಾರಿಗೆ ಇನ್ನೊಬ್ಬಳು ಅಡ್ಡ. ಎದುರಿನ ಡಿಫೆಂಡರ್‌ಗಳಿಗೆ ಕೆಲಸವೇ ಇರಲಿಲ್ಲ, ಇವರಿಬ್ಬರನ್ನು ನೋಡಿಕೊಂಡು ನಿಂತಿದ್ದರು. ಮಾಸ್ತರು ನಾಗವೇಣಿಯನ್ನು ಬಲಗಡೆ ಕಳಿಸಿದರು; ಗಳಿಗೆ ಕಳೆಯುವುದರೊಳಗೆ ಅವಳು ಗೊತ್ತಿಲ್ಲದೆಯೇ ಎಡಕ್ಕೆ ಬಂದಿರುತ್ತಿದ್ದಳು. "ಅರ್ಧ ಆಟ ಒಬ್ಬಳು, ಅರ್ಧ ಆಟ ಇನ್ನೊಬ್ಬಳು ಆಡಲಿ, ಜಗಳವೇ ಇಲ್ಲ" ಅಂತ ಹೆಡ್‌ಮಾಸ್ತರರು ತೀರ್ಪು ಕೊಟ್ಟರು. ಮಾಸ್ತರಿಗೆ ಅದು ಸುತಾರಾಂ ಒಪ್ಪಿಗೆಯಿಲ್ಲ. "ಪಾಯಸ ಇದ್ದು, ಹೋಳಿಗೆ ಇದ್ದು ಅಂತ ಅರ್ಧ ಪಂಕ್ತಿಗೆ ಪಾಯಸ, ಅರ್ಧ ಪಂಕ್ತಿಗೆ ಹೋಳಿಗೆ ಬಡಿಸ್ತ್ವನೇ ತಂಗೀ?" ಅಂತ ನನ್ನನ್ನು ಕೇಳಿದರು, ನಾನೇನೋ ಹೇಳಿದ ಹಾಗೆ.

ಆಮೇಲೆ ಶುರುವಾಯಿತು ನೋಡಿ. ಸ್ಟಾಫ್ ರೂಮಿನ ಮೇಜಿನ ಮೇಲೆ ಬಣ್ಣದ ಚಾಕ್‌ಪೀಸುಗಳು ಆ ಕಡೆಯಿಂದ ಈ ಕಡೆ ಓಡಾಡತೊಡಗಿದವು. ಅದೇ ಪ್ರಶ್ನೆಯನ್ನು ಚಹಾ ಅಂಗಡಿಯಲ್ಲಿ ಕೇಳಿದರು. ಬಸ್ ಕಂಡಕ್ಟರನ್ನು ಕೇಳಿದರು. ಅವನು "ಮೊದ್ಲು ಟಿಕೆಟ್ ತಗಳಿ ಮಾಸ್ತರೇ" ಅಂದ. ಶಿಕ್ಷಕರೆಲ್ಲ ಮಾಗೋಡು ಜಲಪಾತಕ್ಕೆ ಪಿಕ್‌ನಿಕ್ ಹೋದಾಗ ನಾವು ಫೋಟೋ ತೆಗೆಸಿಕೊಳ್ಳುವ ಗಡಿಬಿಡಿಯಲ್ಲಿದ್ದರೆ, ಇವರು ಕಬ್ಬಿಣದ ಕಟಾಂಜನ ಹಿಡಿದು ಬೇಡ್ತಿ ಹೊಳೆ ಬೀಳುವುದನ್ನೇ ನೋಡುತ್ತಿದ್ದರು. "ತಂಗೀ, ಇಲ್ನೋಡು. ನೀರು ಎರಡು ಸಲ ಬೀಳ್ತು. ಆದ್ರೆ ಎರಡೂ ಒಂದೇ ಜಾಗದಲ್ಲಿ ಬೀಳ್ತಿಲ್ಲೆ. ಮೇಲಿಂದು ಬಿದ್ದು, ಸುಧಾರಿಸ್ಕಂಡು, ಆಮೇಲೆ ಕೆಳಗಿಂದು."

"ಹೊಳೆಗೂ ಫುಟ್ಬಾಲ್ ಆಡಸ್ತ್ರಾ ಮಾಸ್ತರೇ?" ಅಂದೆ.

"ಒಂದರ ಹಿಂದೆ ಒಂದು..." ಅಂತ ಅವರಷ್ಟಕ್ಕೇ ಅಂದುಕೊಂಡರು. ನನ್ನ ಕುಚೋದ್ಯ ಅವರ ಕಿವಿಗೇ ಬಿದ್ದಿರಲಿಲ್ಲ.

ಒಂದು ಸಂಜೆ ಅವರ ಜೊತೆ ನಾನೂ ಕೋಲಸಿರ್ಸಿಗೆ ಹೋದೆ. ನಾಗವೇಣಿಯ ತಾಯಿ ಗದ್ದೆಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. ಮಾಸ್ತರು ಅವರನ್ನೂ ಬಿಡಲಿಲ್ಲ, ಅದೇ ಪ್ರಶ್ನೆ. ಆಕೆ ಸ್ವಲ್ಪ ಯೋಚನೆ ಮಾಡಿ, "ನಮಗೆಂತ ಗೊತ್ತಾಗ್ತದೆ ಸರ್. ಈಗ ಟಿಲ್ಲರ್ ಬಂತು. ಮೊದ್ಲು ಎಡಕ್ಕೆ ಹೂಡೂ ಎತ್ತನ್ನ ಬಲಕ್ಕೆ ಕಟ್ಟಿದ್ರೆ ಅದು ತಿರ್ಗಾ ತಿರ್ಗಾ ಎಡಕ್ಕೇ ಎಳೀತಿತ್ತು" ಅಂದರು. ಮಾಸ್ತರು ಮುಖ ಅರಳಿಸಿ ನನ್ನನ್ನು ನೋಡಿದರು. ಚಹಾ ಕೊಡುವಾಗ ಆಕೆ ಇನ್ನೊಂದು ಮಾತು ಹೇಳಿದರು: ಹತ್ತನೇ ಕ್ಲಾಸು ಮುಗಿದ ಮೇಲೆ ನಾಗವೇಣಿ ಶಿರಸಿಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವುದು ಅಂತ ನಿಶ್ಚಯವಾಗಿದೆ. ಕ್ರೀಡಾ ಹಾಸ್ಟೆಲಿನವರು ಆರಿಸಿಕೊಂಡರೆ ಮಾತ್ರ ಓದು, ಊಟ ಎಲ್ಲ ಅಲ್ಲೇ ಆಗುತ್ತದೆ, ಆಗ ಕಳಿಸುತ್ತೇವೆ ಅಂದರು. ನಾಗವೇಣಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಶಿರಸಿಯಲ್ಲಿ ನಡೆಯುವ ಜಿಲ್ಲಾ ಮಟ್ಟದ ಪಂದ್ಯಕ್ಕೆ ಹಾಸ್ಟೆಲಿನ ಆಯ್ಕೆಗಾರರು ಬರುವವರಿದ್ದರು.

ಉತ್ತರ ಹೊಳೆದದ್ದು ಶಾಲೆಯ ಗಣಪತಿ ಹಬ್ಬದ ಊಟದಲ್ಲಿ. ಬಡಿಸುವುದಕ್ಕೆ ಮಾಸ್ತರು ಫುಟ್ಬಾಲ್ ತಂಡವನ್ನೇ ನಿಲ್ಲಿಸಿದ್ದರು. ಲವಿನಾ ಕೈಗೆ ತೊವ್ವೆ, ನಾಗವೇಣಿ ಕೈಗೆ ತುಪ್ಪ. ಲವಿನಾ ನಗುತ್ತಾ, ಎಲ್ಲರನ್ನೂ ಮಾತಾಡಿಸುತ್ತಾ, ಸಾಲಿನುದ್ದಕ್ಕೂ ಬೀಸಿಕೊಂಡು ಹೋದಳು. ಉಣ್ಣುವವರೆಲ್ಲ ತಲೆಯೆತ್ತಿ ಅವಳನ್ನೇ ನೋಡಿದರು. ನಾಗವೇಣಿ ಹಿಂದಿನಿಂದ ಸದ್ದಿಲ್ಲದೆ ಬಂದಳು. ಮಾಸ್ತರು ನನ್ನ ತೋಳು ತಟ್ಟಿ ಗದ್ದ ಎತ್ತಿದರು.

"ನೋಡು, ನೋಡು. ಈ ಕೂಸಿನ ಕೈ ಇಲ್ಲಿದ್ದು, ಕಣ್ಣು ಮುಂದಿನ ಎಲೆ ಮೇಲಿದ್ದು."

ಹೌದು. ಒಂದು ಎಲೆಗೆ ತುಪ್ಪ ಹಾಕುವಾಗಲೇ ನಾಗವೇಣಿ ಆಚೆಯ ಎರಡು ಎಲೆ ನೋಡಿಕೊಂಡಾಗಿತ್ತು. ಯಾರು ಅನ್ನ ಗುಡ್ಡೆ ಮಾಡಿ ಕಾಯುತ್ತಿದ್ದಾರೆ, ಯಾರು ಬೇಡ ಅಂತ ಕೈ ಅಡ್ಡ ಹಿಡಿಯಲಿದ್ದಾರೆ, ಅವಳಿಗೆ ಮೊದಲೇ ಗೊತ್ತು. ಒಂದು ಹನಿ ಚೆಲ್ಲಲಿಲ್ಲ, ಒಂದು ಎಲೆ ತಪ್ಪಲಿಲ್ಲ.

ಮಾರನೇ ದಿನ ಮೈದಾನದಲ್ಲಿ ಮಾಸ್ತರು ಜಾಗ ಬದಲಿಸಿದರು. ಲವಿನಾ ಮುಂದೆ, ಡಿಫೆಂಡರ್‌ಗಳ ಮೈಗೆ ಮೈ ತಾಗಿಸಿ. ಅವಳ ಓಟ ನೋಡಿ ಅವರು ಅವಳ ಹಿಂದೆ ಬೀಳುತ್ತಾರೆ, ಬಿದ್ದರೆ ನಡುವೆ ಜಾಗ ಖಾಲಿಯಾಗುತ್ತದೆ. ಆ ಖಾಲಿ ಜಾಗಕ್ಕೆ ಒಂದು ಹೆಜ್ಜೆ ತಡವಾಗಿ ನಾಗವೇಣಿ ಬರಬೇಕು, ಚೆಂಡು ತಗೊಂಡು ಲವಿನಾಳ ಕಾಲಿಗೆ ಹಾಕಬೇಕು. "ಅವಳು ತೊವ್ವೆ, ನೀನು ತುಪ್ಪ" ಅಂತ ಮಾಸ್ತರು ವಿವರಿಸಿದರು. ಲವಿನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾಗವೇಣಿ ನಗಲಿಲ್ಲ. ಆದರೆ ಹೇಳಿದ ಜಾಗದಲ್ಲಿ ನಿಂತಳು, ಮತ್ತೆ ಏನು ಅದ್ಭುತ ಅಂತೀರಿ! ಅಷ್ಟು ದಿನ ಒಬ್ಬರಿಗೊಬ್ಬರು ಅಡ್ಡವಾಗಿದ್ದವರು ಈಗ ಒಬ್ಬರಿಗೊಬ್ಬರು ದಾರಿ ಬಿಡಿಸಿಕೊಟ್ಟರು. ಚೆಂಡು ಎಲ್ಲಿಂದ ಹೊರಟಿತು ಅಂತ ಗೊತ್ತಾಗುವುದರೊಳಗೆ ಬಲೆಯೊಳಗೆ ಇರುತ್ತಿತ್ತು. ಆಟ ಗೊತ್ತಿಲ್ಲದ ನಾನೇ ಕುಣಿದಾಡಿಬಿಟ್ಟೆ.

ಶಿರಸಿಯಲ್ಲಿ ಸೆಮಿಫೈನಲ್ ಗೆದ್ದೆವು. ಎರಡೂ ಗೋಲು ಲವಿನಾಳದ್ದು, ಎರಡೂ ಪಾಸು ನಾಗವೇಣಿಯದ್ದು. ಆಟ ಮುಗಿದ ಮೇಲೆ ಶಾಮಿಯಾನದಲ್ಲಿ ಕೂತಿದ್ದ ಆಯ್ಕೆಗಾರರೊಬ್ಬರು ಎದ್ದು ಬಂದು, "ಆ ಗೋಲು ಹೊಡೆದ ಹುಡುಗಿಯ ಹೆಸರೇನು?" ಅಂತ ಕೇಳಿಕೊಂಡು ಹೋದರು. ಒಬ್ಬಳದ್ದೇ ಕೇಳಿದ್ದು.

ಮಧ್ಯಾಹ್ನ ಹುಡುಗಿಯರೆಲ್ಲ ಊಟಕ್ಕೆ ಕೂತಾಗ ನಾಗವೇಣಿ ಕಾಣಲಿಲ್ಲ. ಮೈದಾನದ ಮೆಟ್ಟಿಲ ಮೇಲೆ ಬೂಟು ಬಿಚ್ಚಿಟ್ಟು ಕೂತಿದ್ದಳು. ಮಾಸ್ತರು ಹೋಗಿ ಪಕ್ಕದಲ್ಲಿ ನಿಂತರು. ನಾನು ಒಂದು ಮೆಟ್ಟಿಲು ಮೇಲೆ.

"ಫೈನಲ್ಲಿಗೆ ನಾ ಹಿಂದೆ ನಿಲ್ಲೂದಿಲ್ಲ ಸರ್."

"ಎಂತಕ್ಕೆ? ನೀನಿಲ್ಲದಿದ್ರೆ ಆ ಗೋಲು ಆಗ್ತಿರಲಿಲ್ಲ."

"ಅದು ನಿಮಗೆ ಗೊತ್ತು, ನಂಗೆ ಗೊತ್ತು. ಅವರಿಗೆ ಗೊತ್ತಾ? ಗೋಲು ಹೊಡೀದಿದ್ರೆ ನನ್ನ ಯಾರು ನೋಡ್ತಾರೆ ಸರ್?"

ಮಾಸ್ತರು ತಮ್ಮ ಹಳೇ ಮಾತು ತೆಗೆದರು. ಊಟ ಚೆನ್ನಾಗಿ ಆದರೆ ಸಾಕು, ಬಡಿಸಿದವರು ಯಾರು ಅಂತ ಯಾರೂ ಕೇಳಬಾರದು, ಅದೇ ದೊಡ್ಡತನ, ಅಂತೆಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ನಿಮಗೆ ನೌಕರಿ ಉಂಟಲ್ಲ ಸರ್. ಯಾರೂ ಕೇಳದಿದ್ರೂ ನಡೀತದೆ."

ಅಬ್ಬಾ! ಮಾಸ್ತರಿಗೆ ಎದುರು ಮಾತಾಡಿದವರನ್ನು ನಾನು ನೋಡಿರಲಿಲ್ಲ. ಬೈಯುತ್ತಾರೆ ಅಂದುಕೊಂಡೆ. ಅವರ ಗದ್ದ ಒಮ್ಮೆ ಮೇಲೆದ್ದು ಹಾಗೇ ಕೆಳಗಿಳಿಯಿತು. ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. "ಊಟ ಮಾಡು ಹೋಗು. ನೀ ಆ ಜಾಗದಲ್ಲೇ ನಿಲ್ಲು. ಅವ್ರು ನೋಡೋ ವಿಷ್ಯ ನಂಗೆ ಬಿಡು" ಅಂದರು. ಅವಳು ನಂಬಿದಳೋ ಇಲ್ಲವೋ, ಎದ್ದು ಹೋದಳು. ನಾವಿಬ್ಬರಷ್ಟೇ ಉಳಿದಾಗ ಅವರು ನನ್ನ ಕಡೆ ತಿರುಗಿದರು.

"ಆ ಕೂಸು ಹೇಳಿದ್ದು ಖರೆ ತಂಗೀ. ಆನು ಇಷ್ಟು ದಿನ ಇದನ್ನ ಯೋಚನೆನೇ ಮಾಡಿದ್ನಿಲ್ಲೆ. ತಂಡಕ್ಕೆ ಎಲ್ಲಿ ನಿಂತ್ರೆ ಚೊಲೋ ಅಂತ ನೋಡಿದೆ. ಅಲ್ಲಿ ನಿಂತವ್ಕೆ ಎಂತ ಆಗ್ತು ಅಂತ ನೋಡಿದ್ನಿಲ್ಲೆ."

ಮರುದಿನ ಫೈನಲ್. ಮಾಸ್ತರ ಜೀವಮಾನದಲ್ಲಿ ಅವರ ತಂಡ ಮುಟ್ಟಿದ ಒಂದೇ ಫೈನಲ್ ಅದು. ಎದುರಿಗೆ ಯಲ್ಲಾಪುರದ ತಂಡ, ಲವಿನಾಳ ಹಳೇ ಗೆಳತಿಯರು. ಆಟ ಶುರುವಾಗುವ ಹೊತ್ತಿಗೆ ನೋಡುತ್ತೇನೆ, ಗೆರೆಯ ಪಕ್ಕದಲ್ಲಿ ಮಾಸ್ತರು ಇಲ್ಲ! ಕೊರಳಿನ ಸೀಟಿ ತೆಗೆದು ನನ್ನ ಕೈಗೆ ತುರುಕಿ, "ನೀನು ನೋಡ್ಕ" ಅಂದವರೇ ನಡೆದುಬಿಟ್ಟಿದ್ದರು. ಹೋಗಿ ಕೂತದ್ದು ಶಾಮಿಯಾನದಲ್ಲಿ, ಆಯ್ಕೆಗಾರರ ಪಕ್ಕದ ಕುರ್ಚಿಯಲ್ಲಿ.

ನನ್ನ ಅವಸ್ಥೆ ಕೇಳಬೇಡಿ. ಹುಡುಗಿಯರು ತಿರುಗಿ ತಿರುಗಿ ನೋಡುತ್ತಾರೆ, ಅಲ್ಲಿ ಗದ್ದ ಇಲ್ಲ, ನಾನಿದ್ದೇನೆ. ತಡೆಯಲಾರದೆ ನಾನೂ ಒಮ್ಮೆ ಗದ್ದ ಎತ್ತಿದೆ. ಯಾವ ಕಡೆಗೆ ಅಂತ ನನಗೇ ಗೊತ್ತಿರಲಿಲ್ಲ. "ಅಕ್ಕೋರೇ, ನೀವು ಸುಮ್ಮಂಗಿರಿ" ಅಂತ ಲವಿನಾ ಓಡುತ್ತಲೇ ಕೂಗಿದಳು. ನಾಗವೇಣಿ ಹಿಂದೆಯೇ ನಿಂತಿದ್ದಳು, ಹೇಳಿದ ಜಾಗದಲ್ಲೇ. ಒಂದು ಪಾಸು ಕೊಟ್ಟಳು, ಲವಿನಾ ಗೋಲು ಹೊಡೆದಳು. ಆಮೇಲೆ ಯಲ್ಲಾಪುರದವರು ಒಂದು ಹೊಡೆದರು. ಕಡೆಯ ಹೊತ್ತಿನಲ್ಲಿ ನಮ್ಮ ಹಿಂದಿನ ಸಾಲಿನ ಹುಡುಗಿಯರು ಯಾರು ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗದೆ ಒಂದೇ ಕಡೆ ಗುಂಪಾದರು. ಅಲ್ಲಿ ಅವರ ಗದ್ದ ಇದ್ದಿದ್ದರೆ ಸರಿಹೋಗುತ್ತಿತ್ತು. ನಾನು ಶಾಮಿಯಾನದ ಕಡೆ ನೋಡಿದೆ. ಅವರಿಗೂ ಕಂಡಿತ್ತು, ಕುರ್ಚಿಯಿಂದ ಅರ್ಧ ಎದ್ದಿದ್ದರು. ಆದರೆ ಪಕ್ಕದವರು ಏನೋ ಕೇಳಿದರು, ಇವರು ಮತ್ತೆ ಕೂತರು. ಯಲ್ಲಾಪುರದವರು ಇನ್ನೊಂದು ಹೊಡೆದರು. ಸೋತೆವು.

ವಾಪಸು ಬರುವಾಗ ಬಸ್ಸು ಕಾನಸೂರು ದಾಟಿತು. ನನಗೆ ಕುತೂಹಲ ತಡೆಯಲಾಗಲಿಲ್ಲ. "ಅಲ್ಲ ಮಾಸ್ತರೇ, ಅಷ್ಟೊತ್ತು ಕೂತು ಅವ್ರಿಗೆ ಎಂತ ಹೇಳಿದ್ರಿ? ಹೊಗಳಿದ್ರಾ?"

"ಛೆ, ಹೊಗಳಿದ್ರೆ ಯಾರು ನಂಬ್ತ? ಚೆಂಡು ನೋಡಡಿ ಅಂದೆ. ಚೆಂಡು ಬಪ್ಪದ್ರ ಮೊದ್ಲು ಆ ಕೂಸಿನ ಕುತ್ತಿಗೆ ನೋಡಿ ಅಂದೆ. ಹಿಂದೆ ತಿರುಗ್ತು, ಪಕ್ಕಕ್ಕೆ ತಿರುಗ್ತು, ಆಮೇಲೆ ಚೆಂಡು ತಗತ್ತು. ಒಂದು ಸಲ ನೋಡಿದ ಮೇಲೆ ಅವ್ರೂ ಅದನ್ನೇ ನೋಡ್ತಾ ಕೂತ." ಮತ್ತೆ ನನ್ನ ಕಡೆ ತಿರುಗಿ, "ಒಂದು ವಿಷ್ಯ ಗೊತ್ತಾತು ತಂಗೀ. ಆ ಕುರ್ಚಿಯಿಂದ ನೋಡಿದ್ರೆ ಆಟನೇ ಬೇರೆ ಕಾಣ್ತು. ಅಲ್ಲಿಂದ ಗೋಲು ಬಿಟ್ರೆ ಬೇರೆ ಎಂತದೂ ಕಾಣ್ತಿಲ್ಲೆ. ಅವ್ರ ತಪ್ಪಲ್ಲ" ಅಂದರು. ಸೋತವರ ಮುಖವಲ್ಲ ಅದು. ಹೊಸತೊಂದನ್ನು ಕಂಡುಹಿಡಿದವರ ಮುಖ.

ಹಾಸ್ಟೆಲಿಗೆ ಇಬ್ಬರೂ ಆಯ್ಕೆಯಾದರು. ಲವಿನಾ ಅಲ್ಲಿಯ ಅನ್ನ ಸೇರುವುದಿಲ್ಲ ಅಂತ ಒಂದು ವರ್ಷಕ್ಕೇ ವಾಪಸು ಬಂದಳು. ಈಗ ಅಪ್ಪನ ಗ್ಯಾರೇಜಿನಲ್ಲಿ ಸ್ಕೂಟರು ಬಿಚ್ಚಿ ಜೋಡಿಸುತ್ತಾಳೆ. ನನ್ನ ಗಾಡಿಗೂ ಅವಳೇ ಗತಿ. ನಾಗವೇಣಿ ಓದಿದಳು, ಆಡಿದಳು, ಈಗ ಯಲ್ಲಾಪುರದ ಕಡೆ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಬಟ್ಟೆ ಅಂಗಡಿಗೆ ಒಮ್ಮೆ ಹೋಗಿದ್ದಳಂತೆ, ಮೊದಲ ಸಂಬಳದಲ್ಲಿ ತಾಯಿಗೆ ಸೀರೆ ತೆಗೆಯಲಿಕ್ಕೆ.

ಮಾಸ್ತರು ನಿವೃತ್ತರಾದ ದಿನ ಶಾಲೆಯಲ್ಲಿ ಊಟ ಇಟ್ಟುಕೊಂಡಿದ್ದೆವು. ಭಾಷಣಗಳು ಮುಗಿದವು, ಶಾಲು ಹೊದಿಸಿದ್ದಾಯಿತು. ಎಲೆ ಹಾಕುವ ಹೊತ್ತಿಗೆ ಇವರು ಅಭ್ಯಾಸದಂತೆ ಶಾಲು ತೆಗೆದಿಟ್ಟು, ತೋಳು ಮಡಚಿ, ಒಳಗಿನ ಪಾತ್ರೆಗೆ ಕೈ ಹಾಕಿದ್ದರು. ನಾಗವೇಣಿ ಎಲ್ಲಿದ್ದಳೋ, ಬಂದವಳೇ ಕೈಯಿಂದ ಪಾತ್ರೆ ಕಸಿದುಕೊಂಡಳು. "ಇವತ್ತು ನೀವು ಕೂತ್ಕಳಿ ಸರ್" ಅಂದಳು. ಅವರು ಬೇಡವೇ ಬೇಡ ಅಂದರು. ಕಡೆಗೆ ನಾನೇ ಗದರಿಸಿ ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸಿ, ಎದ್ದುಬಿಟ್ಟಾರು ಅಂತ ಪಕ್ಕದಲ್ಲೇ ಕೂತೆ.

ಕೂತರೂ ಊಟ ಎಲ್ಲಿ ಮಾಡುತ್ತಾರೆ? ಕಣ್ಣೆಲ್ಲ ಸಾಲಿನ ಮೇಲೆ. ಅನ್ನ ಬಂತು, ತೊವ್ವೆ ಬಂತು, ತುಪ್ಪದ ಗಿಂಡಿ ಹಿಡಿದು ನಾಗವೇಣಿ ಬಂದಳು. ಮಾಸ್ತರ ಅನ್ನಕ್ಕೆ ತುಪ್ಪ ಹಾಕುತ್ತಿದ್ದ ಹಾಗೇ ಅವರ ಗದ್ದ ಮೆಲ್ಲಗೆ ಮೇಲೆದ್ದಿತು. ದೂರದ ಸಾಲಿನಲ್ಲಿ ಎಲ್ಲೋ ಒಂದು ಎಲೆ ಕಾಯುತ್ತಿರಬೇಕು. ನಾಗವೇಣಿ ಆ ಕಡೆ ತಿರುಗಿಯೂ ನೋಡಲಿಲ್ಲ.

"ನೀವು ಉಣ್ಣಿ ಸರ್" ಅಂದಳು. "ಅಲ್ಲಿ ಲವಿನಾ ಇದ್ದಾಳೆ."

ಅವರು ಗದ್ದ ಇಳಿಸಿ, ಅನ್ನ ಕಲಸಿದರು. ಬಿಸಿ ಇತ್ತು.